ನಿಪ್ಪಾಣಿ ಸಾವಕಾರ್ರ ಪ್ಲೇಯರಿಗೆ ಟ್ರಾನ್ಸ್‌ಫಾರ್ಮರ್ ಕೂಡಿಸಿದ್ದು

ಹಾಡು ಕೇಳಬೇಕೆಂದು ಹೊರಟವರು ಹಾಡೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳಿಸಿಕೊಂಡು ಮನೆಗೆ ಹೋಗುವುದು ನಮ್ಮ ಕಸುಬಿನಲ್ಲಿ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದೆ ನಾನು ಬಹಳ ವರ್ಷ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ರೇಡಿಯೋದೊಳಗೆ ಜಿರಳೆ ಹೊಕ್ಕರೆ "ವಾರ್ತೆ ಓದಾಂವ ಕೆಮ್ಮಾಕತ್ತಾನ, ನೋಡ್ರಿ" ಎಂದು ಹೊತ್ತು ತಂದವರಿದ್ದರು. ಟೇಪು ಸಡಿಲಾಗಿ ದನಿ ಎಳೆದರೆ "ಹಾಡಾಕಿಗೆ ನೆಗಡಿ ಆಗೇತಿ" ಅಂದವರಿದ್ದರು. ಇವೆಲ್ಲ ದಿನದ ಮಾತು. ಆದರೆ ಎಂಬತ್ತರ ದಶಕದ ನಡುವೆ, ನಿಪ್ಪಾಣಿಯ ಒಬ್ಬ ತಂಬಾಕಿನ ಸಾವಕಾರ್ರ ಮನೆಗೆ ಬಂದ ಒಂದೇ ಒಂದು ರೆಕಾರ್ಡ್ ಪ್ಲೇಯರಿನಿಂದ ಆದ ಫಜೀತಿಗಳನ್ನು ನೆನೆಸಿಕೊಂಡರೆ ಇವತ್ತಿಗೂ ಬಸ್ಸಿನಲ್ಲಿ ಒಬ್ಬನೇ ನಗುತ್ತೇನೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ಸೊಳ್ಳಿ ಹಾಡಿದ್ದು

ಸಾವಕಾರ್ರು ಆರಡಿ ಎತ್ತರದ ಆಳು. ತಲೆಯ ಮೇಲೆ ಬಿಳಿ ಟೋಪಿ, ಮಾತು ಮಾತ್ರ ಹೊಲದ ಈ ಬದುವಿನಿಂದ ಆ ಬದುವಿಗೆ ಆಡಿದ ಹಾಗೆ. ಅವರ ತಂದೆ ಕೂಡಿಸಿಟ್ಟ ಇನ್ನೂರು ಹಾಡಿನ ಪ್ಲೇಟುಗಳು ಮನೆಯಲ್ಲಿದ್ದವು. ಹಳೆಯ ಪ್ಲೇಯರು ಕೆಟ್ಟು ಮೂಲೆ ಸೇರಿತ್ತು. ಅಂಥ ಹೊತ್ತಿನಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರು, ಕುಡಚಿಯ ಹಣ್ಣಿನ ವ್ಯಾಪಾರಿ ಚಾಚಾ, ತಮ್ಮನು ದುಬೈನಿಂದ ತಂದ ಪ್ಲೇಯರನ್ನು ಬುಟ್ಟಿಯಲ್ಲಿ ಹುಲ್ಲು ಹಾಸಿ, ಮಾವಿನ ಹಣ್ಣಿನಂತೆ ಜೋಪಾನವಾಗಿ ತಂದುಕೊಟ್ಟರು.

"ನಮ್ಮ ಮನ್ಯಾಗ ಇದು ಉಸರ ಬಿಡವಲ್ದು. ನಿಮ್ಮಲ್ಲೆ ಪ್ಲೇಟ ಅದಾವ, ನೀವರ ಮಾತಾಡಸ್ರಿ" ಅಂದರು.

ನನಗೆ ಬುಲಾವು ಬಂತು. ನಾನು ನಿಪ್ಪಾಣಿಗೆ ಹೋದಾಗ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಕೂತಿದ್ದರು. ಪ್ಲೇಯರನ್ನು ಅವರ ಹಳೇ ಆಂಪ್ಲಿಫೈಯರಿಗೆ ಜೋಡಿಸಿ, ಪ್ಲೇಟಿನ ಮೇಲೆ ಮುಳ್ಳು ಇಟ್ಟೆ. ಪ್ಲೇಟು ತಿರುಗಿತು. ದನಿ ಇಲ್ಲ. ಸಾವಕಾರ್ರು ಟೋಪಿ ತೆಗೆದು, ಸ್ಪೀಕರಿನ ಬಾಯಿಗೆ ಕಿವಿ ಹಚ್ಚಿದರು.

"ಕೇಳ್ತೈತಿ, ಕೇಳ್ತೈತಿ!"

"ಏನ ಕೇಳ್ತೈತ್ರಿ?" ಚಾಚಾ ಕೇಳಿದರು.

"ಸೊಳ್ಳಿ ಹಾಡಾಕತ್ತೈತಿ."

ಮುಳ್ಳು ಹಿಡಿದಿರುವ ಆ ಬೆರಳುಗುರಿನಷ್ಟು ದೊಡ್ಡ ಡಬ್ಬಿಗೆ ಕಾರ್ಟ್ರಿಜ್ ಅನ್ನುತ್ತಾರೆ. ದೋಷ ಅದರದ್ದಲ್ಲ, ಜಾತಿಯೇ ಬೇರೆ. ನಾನು ತಿಳಿಸಿ ಹೇಳಿದೆ: "ಸಾವಕಾರ್ರ, ನಿಮ್ಮ ಹಳೇ ಪ್ಲೇಯರಿನ ಕಾರ್ಟ್ರಿಜ್ ಸಂತ್ಯಾಗ ಕೂಗಿ ಮಾರಾವರಂಗ ಇತ್ತು. ಇದು ಹೊಸಾ ಸೊಸಿ ಇದ್ದಂಗ. ದನಿ ಛಲೋ ಐತಿ, ಆದ್ರ ಕಿವ್ಯಾಗಷ್ಟ ಹೇಳ್ತೈತಿ. ಆಕಿ ಹೇಳಿದ್ದನ್ನ ಜೋರಾಗಿ ಹೇಳಾಕ ನಡುವ ಒಬ್ಬರು ಬೇಕು."

ಒಳಗೆ ಸೊಪ್ಪು ಸೋಸುತ್ತಿದ್ದ ಸಾವಕಾರ್ರ ಎಂಬತ್ತರ ತಾಯಿ ಅಲ್ಲಿಂದಲೇ ಅಂದಳು: "ಅದಕ ಬ್ಯಾರೆ ಮಂದಿ ಯಾಕೋ? ಸೊಸಿ ಪಿಸುಗುಟ್ಟಿದ್ದನ್ನ ಊರಿಗೆಲ್ಲ ಹೇಳಾಕ ನಾ ಇಲ್ಲೇನು?"

ನೂರಾ ಎಂಟು

ನಡುವೆ ಕೂರಿಸಲು ಎರಡು ದಾರಿಯಿದ್ದವು. ಒಂದು ಪ್ರಿ-ಆಂಪ್. ಕರೆಂಟು ತಿಂದು ದನಿ ಬೆಳೆಸುವ ಸಣ್ಣ ಪೆಟ್ಟಿಗೆ; ಅದನ್ನು ನಾನೇ ಕಟ್ಟಿಕೊಡಬಲ್ಲೆ. ಇನ್ನೊಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಅದಕ್ಕೆ ಕರೆಂಟೂ ಬೇಡ, ಬರೀ ತಂತಿ ಸುತ್ತಿದ ಸುರುಳಿ. ಆದರೆ ಮುಂಬೈಯಿಂದ ತರಿಸಬೇಕು. ಎರಡರಲ್ಲಿ ಒಂದು ಸಾಕು.

ಚಾಚಾ ಪ್ರಿ-ಆಂಪಿನ ಕಡೆ. "ನನ್ನ ತಮ್ಮ ದುಬೈನಿಂದ ಅದ ಛಲೋ ಅಂತ ಬರದಾನ" ಅಂದರು. ಸಾವಕಾರ್ರು ಟ್ರಾನ್ಸ್‌ಫಾರ್ಮರಿನ ಕಡೆ. ಕಾರಣ ಕೇಳಿದರೆ, "ಪ್ರಿ-ಆಂಪ್ ಅಂದ್ರ ಸೀನಿದಂಗ ಕೇಳ್ತೈತಿ. ಟ್ರಾನ್ಸ್‌ಫಾರ್ಮರ್ ಅನ್ರಿ, ಬಾಯಿ ತುಂಬತೈತಿ" ಅಂದರು. ಎರಡನ್ನೂ ತಂದು ಕೇಳಿ ನೋಡಿ ಆರಿಸುವುದು ಅಂತ ಠರಾವಾಯಿತು.

ನಾನು ಮುಂಬೈಯ ಒಂದು ಅಂಗಡಿಗೆ ಕಾಗದ ಬರೆದೆ. ಅವರು ಕಾಗದಕ್ಕೆ ಉತ್ತರ ಬರೆಯದೆ ಸೀದಾ ಸಾವಕಾರ್ರ ವಖಾರಿಗೆ, ಅಂದರೆ ತಂಬಾಕಿನ ಗೋದಾಮಿಗೆ, ಟ್ರಂಕ್ ಕಾಲ್ ಹಚ್ಚಿದರು. ಕಾರ್ಟ್ರಿಜ್‌ಗೆ ಟ್ರಾನ್ಸ್‌ಫಾರ್ಮರ್ ಹೊಂದಬೇಕಾದರೆ ಕಾರ್ಟ್ರಿಜ್ ಎಷ್ಟು ಓಮ್ ಎಂದು ಗೊತ್ತಿರಬೇಕು. ಓಮ್ ಅಂದರೆ ಕರೆಂಟಿಗೆ ತಂತಿ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವ ಅಳತೆ. ನಾನು ಚಿಕ್ಕೋಡಿಯಲ್ಲಿದ್ದೆ. ಫೋನು ಎತ್ತಿದವರು ಸಾವಕಾರ್ರು.

ಮುಂಬೈಯವನು ಕೇಳಿದ: "ಕಿತ್ತೀ ಓಮ್, ಶೇಠ್?"

ಸಾವಕಾರ್ರಿಗೆ ಗಲಿಬಿಲಿಯಾಯಿತು. ಫೋನಿನ ಬಾಯಿಗೆ ಅಂಗೈ ಮುಚ್ಚಿ ಚಾಚಾರನ್ನು ಕೇಳಿದರು: "ಓಂ ಎಷ್ಟಂತ ಕೇಳಾಕತ್ತಾನ."

ಚಾಚಾ ಎರಡೂ ಕೈ ಎತ್ತಿದರು. "ಅದು ನಿಮ್ಮ ಬಾಜೂದ್ದು. ನನ್ನ ಕೇಳಬ್ಯಾಡ್ರಿ."

ಆಗ ಸಾವಕಾರ್ರು ಮನೆಗೆ ಮುಖ ಮಾಡಿ ಕೂಗಿದರು. ವಖಾರಿಯೂ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು. "ಅವ್ವಾ, ಓಂ ಎಷ್ಟ?"

ದಿನವೂ ಬೆಳಿಗ್ಗೆ ಜಪಮಣಿ ಎಣಿಸುವ ಆ ತಾಯಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ನೂರಾ ಎಂಟು!"

ಮರುದಿನ ಸಾವಕಾರ್ರು ನನಗೆ ಹೆಮ್ಮೆಯಿಂದ ಹೇಳಿದರು: "ಮಿಸ್ತ್ರಿ, ನೂರಾ ಎಂಟ ಹೇಳೇನಿ."

ನಾನು ತಲೆ ಹಿಡಿದುಕೊಂಡೆ. "ಸಾವಕಾರ್ರ, ಪ್ಲೇಯರಿನ ಪುಸ್ತಕದಾಗ ನಲವತ್ತು ಅಂತ ಐತ್ರಿ!"

ಸಾವಕಾರ್ರು ನನ್ನ ಬೆನ್ನಿಗೆ ತಟ್ಟಿ ಸಮಾಧಾನ ಮಾಡಿದರು: "ಇರ್ಲಿ ಬಿಡ್ರಿ. ಓಂ ಹೆಚ್ಚಾದ್ರ ಯಾರಿಗೇನ ಕೆಟ್ಟ ಆಗೂದೈತಿ?"

ಬೀಜ

ಆಮೇಲೆ ನಾನೇ ಮುಂಬೈಗೆ ಫೋನು ಮಾಡಿ ಸರಿಪಡಿಸಿದೆ. ಎರಡು ವಾರಕ್ಕೆ ಟ್ರಾನ್ಸ್‌ಫಾರ್ಮರ್ ಪಾರ್ಸಲ್ಲಿನಲ್ಲಿ ನನ್ನ ಅಂಗಡಿಗೆ ಬಂತು. ಅಡಿಕೆಯಷ್ಟು ಗಾತ್ರದ ಎರಡು ಸುರುಳಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತಗಡಿನ ಡಬ್ಬಿಯೊಳಗೆ. ಸಾವಕಾರ್ರಿಗೆ ಫೋನು ಮಾಡಿದೆ.

"ಟ್ರಾನ್ಸ್‌ಫಾರ್ಮರ್ ಬಂದೈತ್ರಿ."

"ನೀವು ಮುಟ್ಟಬ್ಯಾಡ್ರಿ. ನಾ ವ್ಯವಸ್ಥಾ ಮಾಡ್ತೀನಿ" ಅಂದರು.

ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಟ್ರ್ಯಾಕ್ಟರು ಬಂದು ನಿಂತಿತು. ಹಿಂದೆ ಟ್ರಾಲಿ. ಟ್ರಾಲಿಯಲ್ಲಿ ದಪ್ಪ ಹುಲ್ಲಿನ ಹಾಸು, ಎರಡು ಬಿದಿರಿನ ಬೊಂಬು, ಬಾವಿಗೆ ಇಳಿಯುವ ಹಗ್ಗ, ನಾಲ್ಕು ಜನ ಗಟ್ಟಿ ಆಳು. ಎಲ್ಲರೂ ಅಕ್ಕೋಳದಲ್ಲಿದ್ದ ಸಾವಕಾರ್ರ ಹೊಲದವರು. ನಮ್ಮ ಕಡೆ ಹೊಲಗಳಿಗೆ ಕರೆಂಟು ಕೊಡುವ, ಕಂಬದ ಮೇಲೆ ಕೂತ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಟಿ.ಸಿ. ಅನ್ನುತ್ತಾರೆ. ಅಕ್ಕೋಳದ ಟಿ.ಸಿ. ಸುಟ್ಟು ತಿಂಗಳಾಗಿತ್ತು.

ಡ್ರೈವರು ಅಂಗಡಿಯೊಳಗೆ, ಹಿತ್ತಲಿಗೆ, ಗೋಡೆಯ ಆಚೆಗೆಲ್ಲ ನೋಡಿದ. "ಎಲ್ಲೈತ್ರಿ ಟಿ.ಸಿ.?"

ನಾನು ಅಂಗೈ ಚಾಚಿದೆ.

ಐದೂ ಜನ ನನ್ನ ಅಂಗೈ ಸುತ್ತ ನೆರೆದರು.

"ಕಿಸೇದಾಗ ಇಟ್ಕೊಂಡ ಹೋಗ್ರಿ" ಎಂದೆ.

"ಅದೆಂಗ್ರಿ? ಹಗ್ಗ ಬಿಗದು, ನಾಕೂ ಮಂದಿ ಹಿಡಕೊಂಡ ಬರ್ರಿ ಅಂತ ಸಾವಕಾರ್ರು ಹೇಳ್ಯಾರ" ಅಂದ ಡ್ರೈವರು. ಹೇಳಿದ ಕೆಲಸ ಹೇಳಿದ ಹಾಗೆ ಮಾಡುವ ಮನುಷ್ಯ. ಡಬ್ಬಿಯನ್ನು ಹುಲ್ಲಿನ ನಡುವೆ ಇಟ್ಟು, ಸುತ್ತ ಹಗ್ಗ ಹಾಯಿಸಿ, ನಾಲ್ಕು ಮೂಲೆಗೆ ನಾಲ್ಕು ಜನ ಕೂತು, ಹಗ್ಗ ಹಿಡಿದುಕೊಂಡು ಹೊರಟರು.

ಡೀಸೆಲ್ ಹಾಕಿಸಿಕೊಳ್ಳಲು ಅಕ್ಕೋಳದಲ್ಲಿ ನಿಂತರಂತೆ. ಹಗ್ಗ, ಬೊಂಬು, ನಾಲ್ಕು ಆಳು ನೋಡಿದ ಊರವರು ಓಡಿ ಬಂದರು. ಯಾರೋ "ಟಿ.ಸಿ. ಬಂತೂ!" ಅಂದರು. ಒಬ್ಬರು ಟ್ರ್ಯಾಕ್ಟರಿನ ಗಾಲಿಗೆ ಕಾಯಿ ಒಡೆದೇಬಿಟ್ಟರು. ಇನ್ನೊಬ್ಬರು ಕುಂಕುಮ ಹಚ್ಚಲೆಂದು ಟ್ರಾಲಿ ಹತ್ತಿ, ಹುಲ್ಲು ಸರಿಸಿ, ಹುಡುಕಿ, ಕೊನೆಗೆ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

ಕಟ್ಟೆಯ ಮೇಲಿದ್ದ ಒಬ್ಬ ಮುದುಕ ಕಣ್ಣು ಕಿರಿದು ಮಾಡಿ ನೋಡಿ ಕೇಳಿದ: "ಬೀಜ ತಂದಾರೇನ್ರೊ? ಈಗ ನಟ್ಟರ ಯಾವ ಮಳಿಗೆ ಮ್ಯಾಲ ಬರ್ತೈತಂತ?"

ಮುಟ್ಟಿದರೆ ನಿಲ್ಲುತ್ತದೆ

ಅಷ್ಟರಲ್ಲಿ ನಾನು ಪ್ರಿ-ಆಂಪನ್ನೂ ಒಂದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಕಟ್ಟಿದ್ದೆ. ಆರಿಸುವ ದಿನ ಬಂತು. ಯಾವುದನ್ನು ಕೂಡಿಸಿದರೂ ಒಂದೇ ಕಥೆ. ಹಾಡು ಬರುತ್ತದೆ, ಆದರೆ ಹಾಡಿನ ಕೆಳಗೆ ಹಿಟ್ಟಿನ ಗಿರಣಿ ಹೊರಟಂತೆ 'ಗುಂಯ್' ಎನ್ನುವ ಸದ್ದು. ನಾನು ತಂತಿ ಬದಲಿಸಿದೆ, ಪ್ಲಗ್ಗು ತಿರುವಿ ಹಾಕಿದೆ, ಬೆವರು ಒರೆಸಿಕೊಂಡೆ. ಗುಂಯ್ ಹೋಗಲಿಲ್ಲ. ಚಾಚಾ ಟ್ರಾನ್ಸ್‌ಫಾರ್ಮರನ್ನು ಬೈದರು, ಸಾವಕಾರ್ರು ಪ್ರಿ-ಆಂಪನ್ನು ಬೈದರು. ಇಬ್ಬರೂ ಕೂಡಿ ನನ್ನನ್ನು ನೋಡಿದರು.

ಆ ದಿನ ಸಾವಕಾರ್ರ ಹೆಂಡತಿಯ ತಮ್ಮ ಅಥಣಿಯಿಂದ ಬಂದಿದ್ದ. ಸಾಧು ಸ್ವಭಾವದ ಮನುಷ್ಯ. ಅಕ್ಕನ ಕೈಯ ಊಟ ಮಾಡಿ ಮೂರರ ಬಸ್ಸಿಗೆ ಹೋಗಬೇಕೆಂದು ಚೀಲ ಹೆಗಲಿಗೇರಿಸಿಕೊಂಡು ಬಂದು, "ದಾಜಿ, ಬರ್ತೀನ್ರಿ" ಅಂದ. ದಾಜಿ ಅಂದರೆ ನಮ್ಮ ಕಡೆ ಅಕ್ಕನ ಗಂಡ. ಹೋಗುವಾಗ ಸುಮ್ಮನೆ ಪ್ಲೇಯರಿನ ಲೋಹದ ತೋಳಿನ ಬುಡ ಮುಟ್ಟಿ ನೋಡಿದ.

ಗುಂಯ್ ನಿಂತಿತು. ಹಾಡು ತೊಳೆದಿಟ್ಟ ಹಾಗೆ ಕೇಳಿತು.

ಅವನು ಕೈ ತೆಗೆದ. ಗುಂಯ್.

"ಮುಟ್ರಿ!" ಎಂದು ನಾನು ಚೀರಿದೆ. ಮುಟ್ಟಿದ. ನಿಂತಿತು.

ಆದದ್ದಿಷ್ಟೆ. ಪ್ಲೇಯರಿಗೆ ಅರ್ಥಿಂಗ್ ಇರಲಿಲ್ಲ. ಅವನು ಬರಿಗಾಲಲ್ಲಿ ನೆಲದ ಮೇಲೆ ನಿಂತಿದ್ದರಿಂದ ಅವನ ಮೈಯೇ ಅರ್ಥಿಂಗ್ ಆಗಿತ್ತು. ಪೇಟೆಯಿಂದ ತಂತಿ ತಂದು ಕಟ್ಟುತ್ತೇನೆ ಎಂದೆ. ಆದರೆ ವರ್ಷಗಳ ಮೇಲೆ ತಂದೆಯ ಪ್ಲೇಟು ಕೇಳುತ್ತಿದ್ದ ಸಾವಕಾರ್ರ ಕಣ್ಣಲ್ಲಿ ನೀರು ಬಂದಿತ್ತು. "ಪಾವಣೇರ, ಇದೊಂದ ಪ್ಲೇಟ ಮುಗೀಲಿ" ಎಂದು ಭಾವಮೈದುನನನ್ನು ಬೇಡಿಕೊಂಡರು.

ಒಂದು ಪ್ಲೇಟು ಹೋಗಿ ಆರಾದವು. ಅಕ್ಕ ತಮ್ಮನ ಬಾಯಿಗೆ ಚಹಾ ಹಿಡಿದಳು. ಚಾಚಾ ಬಾಳೆಹಣ್ಣು ಸುಲಿದು ತಿನ್ನಿಸಿದರು. ಅವನ ಮೂಗು ತುರಿಸಿದಾಗ ಸಾವಕಾರ್ರೇ ಕೆರೆದರು. ಮೂರರ ಬಸ್ಸು ಹೋಯಿತು, ನಾಲ್ಕೂವರೆಯ ಬಸ್ಸೂ ಹೋಯಿತು. "ದಾಜಿ, ನನ್ನ ಕೈ ಜೋಮ ಹಿಡದೈತ್ರಿ" ಅಂದ ಪಾಪ. "ಎಡಗೈ ಐತೆಲ್ಲ, ಪಾವಣೇರ" ಅಂದರು ಸಾವಕಾರ್ರು.

ಸಂಜೆ ನಾನು ನಲ್ಲಿಯ ಕಬ್ಬಿಣದ ಪೈಪಿಗೆ ತಂತಿ ಬಿಗಿದು ಅವನನ್ನು ಬಿಡುಗಡೆ ಮಾಡಿದೆ. ಆದರೆ ಅಷ್ಟರಲ್ಲಿ ಓಣಿಯಲ್ಲಿ ಸುದ್ದಿ ಹಬ್ಬಿತ್ತು: ಅಥಣಿಯಿಂದ ಯಾರನ್ನೋ ಕರೆಸ್ಯಾರ, ಅಂವ ಮುಟ್ಟಿದರ ಮಿಶನ್ನಿನ ರೋಗ ಹೋಗತೈತಿ! ಬೆಳಿಗ್ಗೆ ಅವನು ಬಸ್ಸಿಗೆ ಹೊರಟು ಬಾಗಿಲು ತೆರೆದರೆ ಕಟ್ಟೆಯ ಮೇಲೆ ಒಬ್ಬರು ರೇಡಿಯೋ ಹಿಡಿದು, ಇನ್ನೊಬ್ಬರು ಟೇಬಲ್ ಫ್ಯಾನು ಹಿಡಿದು ಕೂತಿದ್ದರು. ಅವರ ಹಿಂದೆ ಏನೂ ತರದೆ ಬರಿಗೈಯಲ್ಲಿ ಒಬ್ಬ ಅಜ್ಜಿ.

"ನಿಮ್ಮದೇನ ಕೆಟ್ಟೈತ್ರಿ, ಆಯಿ?" ಎಂದು ಅವನು ಕೇಳಿದ.

"ಎಂಟ ವರ್ಷದಿಂದ ನನ್ನ ಎಡಗಿವ್ಯಾಗ ಗುಂಯ್ ಅಂತೈತಪಾ. ಒಂದೀಟ ಮುಟ್ಟು."

ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಅವನು ಮುಟ್ಟಿದ. ಅಜ್ಜಿ ಕಣ್ಣು ಮುಚ್ಚಿ, ಆಲಿಸಿ, ಅಂದಳು: "ನಿಂತೈತಿ. ಕೈ ತಗೀಬ್ಯಾಡ."

ಒದೆಯುವ ವಿಷಯ

ಗುಂಯ್ ಹೋದ ಮೇಲೆ ನಿಜವಾದ ತಕರಾರು ಶುರುವಾಯಿತು. ಟ್ರಾನ್ಸ್‌ಫಾರ್ಮರಿನ ದನಿ ಸವಿ, ಆದರೆ ಮೆತ್ತಗೆ. ಪ್ರಿ-ಆಂಪಿನ ದನಿ ಜೋರು, ಆದರೆ ಅದಕ್ಕೊಂದು ಚಾಳಿ ಇತ್ತು. ನಾನು ಕಟ್ಟಿದ್ದರಲ್ಲಿ ಏನು ಕೊರತೆ ಉಳಿದಿತ್ತೋ, ಒಮ್ಮೊಮ್ಮೆ ಅದು ಗಡಿಯಾಚೆಯ ಮರಾಠಿ ರೇಡಿಯೋ ಸ್ಟೇಷನ್ನನ್ನು ಗಾಳಿಯಿಂದ ಹಿಡಿದು ಹಾಡಿನ ನಡುವೆ ತೂರಿಸುತ್ತಿತ್ತು. ತಂತಿಯನ್ನು ಸ್ವಲ್ಪ ಸರಿಸಿದರೆ ಹೋಗುತ್ತಿತ್ತು. ಹೀಗಾಗಿ ನಾನು ಅದನ್ನು ದೊಡ್ಡದು ಮಾಡಿ ಹೇಳಿರಲಿಲ್ಲ.

ಸಾವಕಾರ್ರ ಮಗಳನ್ನು ನೋಡಲು ರಾಯಬಾಗದಿಂದ ಗಂಡಿನವರು ಬಂದರು. ಹುಡುಗ ಬಿ.ಎಸ್ಸಿ. ಅಗ್ರಿ ಮುಗಿಸಿ ಕಬ್ಬಿನ ಹೊಲ ನೋಡಿಕೊಂಡಿದ್ದ. ತಂದೆ ಗಂಭೀರ ಮನುಷ್ಯ, ಬಿಗಿದ ಕೋಟು. ತಾಯಿಗೆ ಕಿವಿ ಸ್ವಲ್ಪ ಮಂದ. ಮನೆಯಲ್ಲಿ ಮಂಗಳಕರವಾಗಿ ಹಾಡು ಇರಲೆಂದು ಸಾವಕಾರ್ರು ನನ್ನನ್ನು ಕರೆಸಿ ಒಂದು ಭಕ್ತಿಗೀತೆಯ ಪ್ಲೇಟು ಹಚ್ಚಿಸಿದರು. ಪ್ರಿ-ಆಂಪ್ ಕೂಡಿಸಿದ್ದೆ.

ಹುಡುಗಿ ಚಹಾದ ತಾಟು ಹಿಡಿದು ಬಂದಳು. ಎಲ್ಲರೂ ಮಾತು ನಿಲ್ಲಿಸಿದರು. ಹುಡುಗನ ತಾಯಿ ಗಂಡನ ಕಡೆ ಬಾಗಿ, ತನಗೆ ಮಂದವಾದ್ದರಿಂದ ಊರಿಗೆಲ್ಲ ಮಂದ ಎಂದುಕೊಂಡು ಜೋರಾಗಿಯೇ ಕೇಳಿದಳು: "ಹುಡುಗಿ ಸ್ವಭಾವ ಹೆಂಗ ಐತಂತ?"

ಅದೇ ಹೊತ್ತಿಗೆ ಪ್ಲೇಟಿನ ಒಂದು ಹಾಡು ಮುಗಿದು, ಎರಡನೆಯದು ಶುರುವಾಗುವ ಮುಂಚಿನ ಬಿಡುವು. ಆ ಬಿಡುವಿನಲ್ಲಿ ಸ್ಪೀಕರು ಸ್ಪಷ್ಟ ಮರಾಠಿಯಲ್ಲಿ ಹೇಳಿತು: "ಸ್ವಭಾವಾನೆ ಅತಿಶಯ ಶಾಂತ. ದೂಧ ಭರಪೂರ ದೇತೆ."

ರೇಡಿಯೋದಲ್ಲಿ ರೈತರ ಕಾರ್ಯಕ್ರಮ ನಡೆದಿತ್ತು. ಯಾವುದೋ ಜಾತಿಯ ಎಮ್ಮೆ ಬಹಳ ಶಾಂತ ಸ್ವಭಾವದ್ದು, ಹಾಲು ಬಹಳ ಕೊಡುತ್ತದೆ ಎಂದು ತಿಳಿದವರೊಬ್ಬರು ವಿವರಿಸುತ್ತಿದ್ದರು. ಕೂತವರಿಗೆಲ್ಲ ಮರಾಠಿ ಬರುತ್ತಿತ್ತು. ಅದೇ ದೊಡ್ಡ ತೊಂದರೆ.

ಸಾವಕಾರ್ರ ಮುಖ ಕಪ್ಪಿಟ್ಟಿತು. ನಾನು ತಂತಿಯ ಮೇಲೆ ಬಿದ್ದೆ. ಅವಸರದಲ್ಲಿ ತಂತಿ ಸರಿಸುವ ಬದಲು ದನಿ ಹೆಚ್ಚಿಸುವ ಗುಂಡಿ ತಿರುವಿದೆ. "ಕೊಂಬು ಒಳಮುಖವಾಗಿ ಬಾಗಿರಬೇಕು" ಎನ್ನುವ ಅರ್ಥದ ಮಾತೊಂದು ಪಡಸಾಲೆ ತುಂಬ ಮೊಳಗಿತು. ಹುಡುಗನ ತಂದೆ ಕೋಟಿನ ಗುಂಡಿ ಹಾಕಿಕೊಂಡು ಏಳುವ ಲಕ್ಷಣ ಕಂಡಿತು. ನನ್ನ ಕಸುಬು ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಆಗ ತಾಟು ಹಿಡಿದು ನಿಂತಿದ್ದ ಹುಡುಗಿ ತಲೆ ಎತ್ತದೆ ಮೆಲ್ಲಗೆ ಅಂದಳು: "ಮಿಸ್ತ್ರಿ ಕಾಕಾ, ಒದೀತೈತಿ ಅನ್ನೂದನ್ನೂ ಹೇಳಸ್ರಿ."

ಮೊದಲು ನಕ್ಕವನು ಹುಡುಗ. ಎಂಥ ನಗು ಅಂದರೆ ಚಹಾ ಕೋಟಿನ ಮೇಲೆ ಚೆಲ್ಲಿತು. ತನ್ನ ಕೋಟಲ್ಲ, ಅಪ್ಪನದು. ಅಲ್ಲೇ ಲಗ್ನ ಗಟ್ಟಿಯಾಯಿತು. ಅಡಿಕೆ ಕೊಡುವಾಗ ಅವನ ತಾಯಿ ನನ್ನನ್ನು ಕರೆದು ಗುಟ್ಟಾಗಿ, ಅಂದರೆ ಬೀದಿಗೆ ಕೇಳುವಂತೆ ಕೇಳಿದಳು: "ಆ ಮಿಶನ್ನು ಹುಡುಗುರ್ನೂ ಪರೀಕ್ಷಾ ಮಾಡತೈತೇನ್ರಿ?"

ಎರಡೂ ಹಾಕಿದ್ದು

ಲಗ್ನ ನಿಪ್ಪಾಣಿಯಲ್ಲೇ, ಸಾವಕಾರ್ರ ವಖಾರಿಯ ಅಂಗಳದಲ್ಲಿ. ಬೇವಿನ ಮರಕ್ಕೆ ಲೌಡ್‌ಸ್ಪೀಕರಿನ ಹಾರ್ನು ಕಟ್ಟಿದೆ. ತಂದೆಯ ಪ್ಲೇಟುಗಳನ್ನು ಮಗಳ ಮದುವೆಯಲ್ಲಿ ಊರೇ ಕೇಳಬೇಕೆಂದು ಸಾವಕಾರ್ರ ಆಸೆ.

"ಯಾವದ ಕೂಡಸ್ಲಿ, ಸಾವಕಾರ್ರ? ಟ್ರಾನ್ಸ್‌ಫಾರ್ಮರೋ, ಪ್ರಿ-ಆಂಪೋ?"

ಆರು ತಿಂಗಳಿಂದ ತೀರದ ಪ್ರಶ್ನೆ. ಮದುವೆಯ ದಿನ ಗೆಳೆಯನ ಮನಸ್ಸನ್ನೂ ನೋಯಿಸಬಾರದು. "ಎರಡೂ ಹಾಕ್ರಿ" ಅಂದುಬಿಟ್ಟರು.

ಹಾಗೆ ಮಾಡಬಾರದಿತ್ತು. ಟ್ರಾನ್ಸ್‌ಫಾರ್ಮರು ದನಿಯನ್ನು ಹಿಗ್ಗಿಸುತ್ತದೆ, ಹಿಗ್ಗಿದ್ದನ್ನು ಪ್ರಿ-ಆಂಪ್ ಇನ್ನೂ ಹಿಗ್ಗಿಸುತ್ತದೆ. ಮುಳ್ಳಿನ ಹತ್ತಿರ ಇರುವೆ ನಡೆದರೂ ಹಾರ್ನಿನಲ್ಲಿ ಆನೆ ನಡೆದಂತೆ ಕೇಳಬೇಕು. ಗುಂಡಿಯನ್ನು ಬಹಳ ಇಳಿಸಿ ಇಟ್ಟುಕೊಂಡು ಹೇಗೋ ಬೆಳಗಿನ ಹಾಡುಗಳನ್ನು ದಾಟಿಸಿದೆ. ಅಕ್ಷತೆ ಬಿತ್ತು. ಪಂಗತಿ ಕೂತಿತು. ಅಡುಗೆಯವರು ಕಾಗವಾಡದವರು, ಶಿರಾದ ವಾಸನೆ ಬಂತು. ನಾನು ಪ್ಲೇಟು ತಿರುಗುವುದನ್ನು ಮಾತ್ರ ನಿಲ್ಲಿಸಿ, ಮುಳ್ಳನ್ನು ಪ್ಲೇಟಿನ ಮೇಲೇ ಬಿಟ್ಟು ಊಟಕ್ಕೆ ಎದ್ದೆ. ಏಳುವಾಗ ನನ್ನ ತೋಳು ಗುಂಡಿಗೆ ತಾಗಿ ಅದು ಪೂರ್ತಿ ಏರಿದ್ದು ನನಗೆ ಗೊತ್ತಾಗಲಿಲ್ಲ.

ನಾನು ಎಲೆಯ ಮುಂದೆ ಕೂತು ಮೊದಲ ತುತ್ತು ಎತ್ತುವುದರೊಳಗೆ ಗದ್ದಲ. ಬೀಗರು, ಅಂದರೆ ಹುಡುಗನ ತಂದೆ, ಪಂಗತಿಯಿಂದ ಸರಕ್ಕನೆ ಎದ್ದುಬಿಟ್ಟಿದ್ದರು. ಮುಖ ಕೆಂಪು, ಬಾಯಿ ಬಿಗಿ. ಒಂದು ಮಾತಿಲ್ಲ. ನೆಟ್ಟಗೆ ಹೋಗಿ ಮೂಲೆಯಲ್ಲಿ ನನ್ನ ಪ್ಲೇಯರಿದ್ದ ಮೇಜಿನ ಹತ್ತಿರ ಕುರ್ಚಿ ಎಳೆದು ಕೂತರು.

ಬೀಗರು ಎದ್ದರೆ ಮುಗಿಯಿತು. ರಾಯಬಾಗದ ಮಂದಿಯೆಲ್ಲ ಎತ್ತಿದ ತುತ್ತು ಎಲೆಯಲ್ಲಿಟ್ಟು ಕೈ ಕಟ್ಟಿ ಕೂತರು. ಸಾವಕಾರ್ರು ಓಡಿ ಬಂದು ಕೈ ಮುಗಿದರು: "ಏನ ತಪ್ಪಾತ್ರಿ, ಬೀಗರ?"

"ಉಹೂಂ."

"ಕೂಡೂ ಜಾಗಾ ಮನಸಿಗೆ ಬರ್ಲಿಲ್ಲೇನ್ರಿ?"

"ಉಹೂಂ!"

"ಯಾರರ ಏನರ ಅಂದ್ರೇನ್ರಿ?"

ಬೀಗರು ಮುಖ ತಿರುವಿದರು. ಚಾಚಾ ಬಂದು ಬೇಡಿಕೊಂಡರು. ಬ್ಯಾಂಡಿನವರು ತಮ್ಮದೇ ತಪ್ಪೇನೋ ಎಂದು ಸುಮ್ಮನೆ ಕ್ಷಮೆ ಕೇಳಿದರು. ಒಳಗೆ ಮದುಮಗಳು ಅಳತೊಡಗಿದಳು. ಕೊನೆಗೆ ಬೀಗರ ಹೆಂಡತಿಯನ್ನು ಕಳಿಸಿ, ಉಳಿದವರೆಲ್ಲ ದೂರ ಸರಿದು ನಿಂತರು.

ಬೀಗರು ಸುತ್ತ ಯಾರೂ ಇಲ್ಲವೆಂದು ನೋಡಿ, ಸೋತವರ ಹಾಗೆ ಪ್ಲೇಯರಿನ ಕಟ್ಟಿಗೆಯ ಪೆಟ್ಟಿಗೆಯ ಅಂಚಿಗೆ ಗದ್ದ ಊರಿ, ಹೆಂಡತಿಗೆ ಹೇಳಿದರು. ಗದ್ದದಿಂದ ಕಟ್ಟಿಗೆಗೆ, ಕಟ್ಟಿಗೆಯಿಂದ ಪ್ಲೇಟಿಗೆ, ಪ್ಲೇಟಿನಿಂದ ಮುಳ್ಳಿಗೆ, ಮುಳ್ಳಿನಿಂದ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಪ್ರಿ-ಆಂಪಿಗೆ. ಬೇವಿನ ಮರದ ಹಾರ್ನು ಗುಡುಗಿತು:

"ಲಾಡು ಕಡದ್ನಿ. ಹಲ್ಲಿನ ಕಟ್ಟು ಲಾಡಿನ್ಯಾಗ ಹೋತು!"

ಪಂಗತಿಯಲ್ಲಿ ನೂರು ಜನ ತಮ್ಮ ತಮ್ಮ ಲಾಡು ನೋಡಿಕೊಂಡರು.

"ಯಾವ ಹಳ್ಳಿಗೆ ಹೋದ್ರಿ?" ಎಂದಳು ಕಿವಿ ಮಂದದ ಹೆಂಡತಿ.

"ಹಳ್ಳಿ ಅಲ್ಲ, ಹಲ್ಲು! ನಾ ನಾಚಿ ಎದ್ದು ಹಿಂದ ಹೊಳ್ಳಿ ನೋಡೂದ್ರಾಗ ಎಲಿನ ಎತ್ತಿಬಿಟ್ಟಾರ! ಬಾಯಿ ತಗದ್ರ ಮಾನ ಹೋಗತೈತಿ, ಅದಕ ಸಿಟ್ಟ ಬಂದಾವ್ರಂಗ ಕುಂತೀನಿ."

ಹಾರ್ನಿನ ದನಿ ದಪ್ಪಗೆ, ಕೊಡದೊಳಗಿಂದ ಬಂದ ಹಾಗಿತ್ತು. ಬೀಗರಿಗೆ ಅದು ತಮ್ಮದೇ ಎಂದು ಗುರುತು ಹತ್ತಲಿಲ್ಲ. ಮರದ ಕಡೆ ನೋಡಿ, ಅಚ್ಚರಿಯಿಂದ ಅಂದರು: "ಕೇಳ ಅಲ್ಲೆ, ಯಾವನೋ ನನ್ನಂಗ ಹಲ್ಲ ಕಳಕೊಂಡಾನ!"

ಅದೂ ಹಾರ್ನಿನಲ್ಲಿ ಬಂತು. ಆಗ ಅವರು ಗದ್ದ ಎತ್ತಿ, ಪ್ಲೇಯರನ್ನು ನೋಡಿ, ಹಾರ್ನನ್ನು ನೋಡಿ, ಪಂಗತಿಯನ್ನು ನೋಡಿದರು. ಆಮೇಲೆ ಆ ಗಂಭೀರ ಮನುಷ್ಯ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕುಬಿಟ್ಟರು. ರಾಯಬಾಗ ನಕ್ಕಿತು, ನಿಪ್ಪಾಣಿ ನಕ್ಕಿತು, ಒಳಗೆ ಅಳುತ್ತಿದ್ದ ಮದುಮಗಳು ಕಣ್ಣೀರು ಒರೆಸದೆ ನಕ್ಕಳು. ಸಾವಕಾರ್ರು ಮಾತ್ರ ನಗಲಿಲ್ಲ. ಬೀಗರ ಮರ್ಯಾದೆಯ ಪ್ರಶ್ನೆ! ಧೋತರ ಎತ್ತಿ ಕಟ್ಟಿ, ಎಂಜಲೆಲೆಯ ರಾಶಿಗೆ ತಾವೇ ಇಳಿದರು. ಕಾಲು ತಾಸು ಹುಡುಕಿ, ಹಲ್ಲು ಕಚ್ಚಿಕೊಂಡೇ ಇದ್ದ ಲಾಡನ್ನು ಹೊರತೆಗೆದರು. ಹಲ್ಲು ಬಿಡಿಸಿ, ಬಿಸಿನೀರಿನಲ್ಲಿ ತೊಳೆದು, ಬೆಳ್ಳಿಯ ತಾಟಿನಲ್ಲಿ ಇಟ್ಟು, ಪಕ್ಕಕ್ಕೆ ಎಲೆ ಅಡಿಕೆ ಇಟ್ಟು, ಬ್ಯಾಂಡು ಬಾರಿಸುತ್ತ ತಂದು ಬೀಗರ ಮುಂದೆ ಹಿಡಿದರು.

ಲಾಡು ಅಷ್ಟು ಗಟ್ಟಿ ಹೇಗಾಯಿತೆಂದು ಕೇಳಿದಾಗ ಅಡುಗೆಯವನು ಸಿಟ್ಟಿಗೆದ್ದ: "ನನ್ನ ಲಾಡು ಗಟ್ಟಿ ಅಲ್ರಿ. ಹಲ್ಲು ಹಿಡಕೊಂಡ ಬಿಡಲಿಲ್ಲ ಅಂದ್ರ ಪಾಕ ಎಷ್ಟ ಛಲೋ ಬಂದಿರಬೇಕು, ನೋಡ್ರಿ!"

ತಿಂಗಳಾದ ಮೇಲೆ ಒಂದು ದಿನ ಬೀಗರು ರಾಯಬಾಗದಿಂದ ಚಿಕ್ಕೋಡಿಗೆ ಬಂದು ನನ್ನ ಅಂಗಡಿಯ ಮುಂದೆ ನಿಂತರು. ಬೈಸಿಕೊಳ್ಳಲು ತಯಾರಾಗಿ ಸ್ಟೂಲು ಹಾಕಿದೆ.

ಕೂತು, ಕೋಟು ಸರಿಮಾಡಿಕೊಂಡು ಕೇಳಿದರು: "ಮಿಸ್ತ್ರಿ, ಅವತ್ತ ದನಿ ಅಷ್ಟ ಜೋರ ಮಾಡಿದ್ದು ಏನದು?"

"ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಅಂತಾರ್ರಿ. ತಪ್ಪಾತ್ರಿ."

"ತಪ್ಪಿಂದ ಇರ್ಲಿ. ಜೋರ ಮಾಡೂದ ಐತಿ ಅಂದ್ರ ಮೆತ್ತಗ ಮಾಡೂದೂ ಇರಬೇಕಲ್ಲ?"

"ಐತ್ರಿ. ಸ್ಟೆಪ್-ಡೌನ್ ಅಂತಾರ. ಯಾಕ್ರಿ?"

ಬೀಗರು ಅತ್ತಿತ್ತ ನೋಡಿದರು. ನನ್ನ ಮೇಜಿನ ಮೇಲೆ ಯಾವ ಪ್ಲೇಯರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿವಿಯ ಹತ್ತಿರ ಬಾಯಿ ತಂದರು.

"ಒಂದು ದೊಡ್ಡದು ಕೊಡ್ರಿ. ನಮ್ಮ ಮನ್ಯಾಕಿ ಈ ಹಲ್ಲಿನ ಕಥಿ ರಾಯಬಾಗದಾಗ ಮನಿಮನಿಗೆ ಗುಟ್ಟಾಗಿ ಹೇಳಾಕತ್ತಾಳ. ಕುಡಚಿ ಸ್ಟೇಶನ್ದಾಗ ಕೇಳಾಕತ್ತೈತಿ."